ಕಳಿಸಿದ ವಿಡಿಯೋ ಮಸುಕಾಗುವುದು ಏಕೆ? ಆಗದಂತೆ ಕಳಿಸುವುದು ಹೇಗೆ?



ಈ ಸಲದ ಗೋಡೆ ಪತ್ರಿಕೆಗೆ ನಾನು ವಿಜ್ಞಾನದ ಒಂದು ವಿಷಯ ಆರಿಸಿಕೊಂಡಿದ್ದೇನೆ. ಇದು ದೂರದ ವಿಷಯ ಅಲ್ಲ, ನಮ್ಮೆಲ್ಲರ ಮನೆಯಲ್ಲಿ ಇರುವ ತೊಂದರೆ. ಫೋನಿನಲ್ಲಿ ತೆಗೆದ ವಿಡಿಯೋ ಅದೇ ಫೋನಿನಲ್ಲಿ ನೋಡಿದರೆ ಕನ್ನಡಿಯ ಹಾಗೆ ಕಾಣುತ್ತದೆ. ಅದನ್ನು ವಾಟ್ಸಾಪಿನಲ್ಲಿ ಮೈಸೂರಿಗೋ ಬೆಂಗಳೂರಿಗೋ ಕಳಿಸಿದರೆ ಅಲ್ಲಿ ಮುಖವೇ ಸರಿಯಾಗಿ ಕಾಣುವುದಿಲ್ಲ. ಆಗ ಎಲ್ಲರೂ ಹೇಳುವುದು ಒಂದೇ ಮಾತು: "ನಮ್ಮೂರಲ್ಲಿ ನೆಟ್‌ವರ್ಕ್ ಸರಿ ಇಲ್ಲ, ಅದಕ್ಕೇ ಹೀಗೆ."

ಈ ಮಾತು ಸರಿಯಲ್ಲ. ನೆಟ್‌ವರ್ಕ್ ನಿಧಾನ ಇದ್ದರೆ ವಿಡಿಯೋ ಹೋಗುವುದು ತಡವಾಗುತ್ತದೆ ಅಷ್ಟೆ. ಮಸುಕಾಗುವುದಕ್ಕೆ ಕಾರಣವೇ ಬೇರೆ. ಅದನ್ನು ತಿಳಿದುಕೊಂಡರೆ ಬಾಳೆಲೆಯಿಂದ ಕಳಿಸಿದ ವಿಡಿಯೋ ಅಮೆರಿಕಾಕ್ಕೆ ಹೋದರೂ ಒಂದು ಚುಕ್ಕಿ ಕೂಡ ಹಾಳಾಗುವುದಿಲ್ಲ.

ಎಚ್‌ಡಿ ಅಂದರೇನು?

ಚಿತ್ರ ಅಂದರೆ ಬಣ್ಣದ ಚುಕ್ಕಿಗಳ ರಾಶಿ. ಚುಕ್ಕಿಗೆ ಪಿಕ್ಸೆಲ್ ಅಂತ ಹೆಸರು. ರಂಗೋಲಿಗೆ ಚುಕ್ಕಿ ಇಟ್ಟ ಹಾಗೆ ಅಡ್ಡಕ್ಕೆ ಇಷ್ಟು, ಉದ್ದಕ್ಕೆ ಇಷ್ಟು ಅಂತ ಲೆಕ್ಕ ಇರುತ್ತದೆ.

ಅಡ್ಡಕ್ಕೆ 1280, ಉದ್ದಕ್ಕೆ 720 ಇದ್ದರೆ ಅದು ಎಚ್‌ಡಿ. ಒಟ್ಟು 9,21,600 ಚುಕ್ಕಿ.
ಅಡ್ಡಕ್ಕೆ 1920, ಉದ್ದಕ್ಕೆ 1080 ಇದ್ದರೆ ಅದು ಫುಲ್ ಎಚ್‌ಡಿ. ಒಟ್ಟು 20,73,600 ಚುಕ್ಕಿ.
ಅಡ್ಡಕ್ಕೆ 3840, ಉದ್ದಕ್ಕೆ 2160 ಇದ್ದರೆ ಅದು 4ಕೆ. ಒಟ್ಟು 82,94,400 ಚುಕ್ಕಿ.

ವಿಡಿಯೋ ಅಂದರೆ ಇಂಥ ಚಿತ್ರಗಳು ಒಂದರ ಹಿಂದೆ ಒಂದು ಓಡುವುದು. ಫೋನು ಸಾಮಾನ್ಯವಾಗಿ ಒಂದು ಸೆಕೆಂಡಿಗೆ 30 ಚಿತ್ರ ತೆಗೆಯುತ್ತದೆ.

ಒಂದು ಲೆಕ್ಕ ಮಾಡೋಣ

ಒಂದು ಚುಕ್ಕಿಯ ಬಣ್ಣ ಬರೆದಿಡಲು 3 ಬೈಟ್ ಬೇಕು (ಕೆಂಪಿಗೆ ಒಂದು, ಹಸಿರಿಗೆ ಒಂದು, ನೀಲಿಗೆ ಒಂದು). ಹಾಗಾದರೆ ಫುಲ್ ಎಚ್‌ಡಿಯ ಒಂದು ಚಿತ್ರಕ್ಕೆ 20,73,600 × 3 = 62,20,800 ಬೈಟ್. ಒಂದು ಸೆಕೆಂಡಿಗೆ 30 ಚಿತ್ರ ಅಂದರೆ 18,66,24,000 ಬೈಟ್. ಒಂದು ನಿಮಿಷಕ್ಕೆ ಇದನ್ನು 60ರಿಂದ ಗುಣಿಸಿ. ಸುಮಾರು 11 ಜಿಬಿ ಬರುತ್ತದೆ! 64 ಜಿಬಿಯ ಫೋನು ಆರು ನಿಮಿಷ ಆಗುವುದರೊಳಗೆ ತುಂಬಿ ಹೋಗಬೇಕಿತ್ತು.

ಆದರೆ ಹಾಗೆ ಆಗುವುದಿಲ್ಲ. ಫೋನಿನಲ್ಲಿ ಒಂದು ನಿಮಿಷದ ಫುಲ್ ಎಚ್‌ಡಿ ವಿಡಿಯೋ ಸುಮಾರು 130 ಎಂಬಿ ಮಾತ್ರ ಇರುತ್ತದೆ. ಅಂದರೆ 86ರಲ್ಲಿ ಒಂದು ಪಾಲು. ಉಳಿದ 85 ಪಾಲು ಎಲ್ಲಿ ಹೋಯಿತು? ಇದೇ ಇಲ್ಲಿಯ ಗುಟ್ಟು. ಫೋನು ವಿಡಿಯೋವನ್ನು ಒತ್ತಿ ಚಿಕ್ಕದು ಮಾಡಿ ಇಡುತ್ತದೆ. ಇದಕ್ಕೆ ಕಂಪ್ರೆಶನ್ ಅಂತ ಹೆಸರು. ನಾವು ಸಂಕೋಚನ ಅನ್ನೋಣ.

ಹಾಜರಿ ಪುಸ್ತಕದ ಉಪಾಯ

ಸಂಕೋಚನದಲ್ಲಿ ಎರಡು ಉಪಾಯ ಇವೆ. ಮೊದಲನೆಯದು ನಮ್ಮ ಕ್ಲಾಸ್ ಲೀಡರ್ ಹಾಜರಿ ಹೇಳುವ ಹಾಗೆ. ಅವನು ದಿನಾ ಎಲ್ಲರ ಹೆಸರೂ ಹೇಳುವುದಿಲ್ಲ. "ಇಬ್ಬರು ಬಂದಿಲ್ಲ ಸಾರ್, ಉಳಿದವರೆಲ್ಲ ಇದ್ದಾರೆ" ಅಂತಾನೆ. ಅಷ್ಟರಲ್ಲೇ ಎಲ್ಲ ತಿಳಿಯುತ್ತದೆ. ವಿಡಿಯೋ ಕೂಡ ಹೀಗೇ. ಮೊದಲ ಚಿತ್ರವನ್ನು ಪೂರ್ತಿ ಬರೆದುಕೊಂಡು, ಎರಡನೆಯ ಚಿತ್ರದಲ್ಲಿ ಏನು ಬದಲಾಯಿತೋ ಅದನ್ನು ಮಾತ್ರ ಬರೆಯುತ್ತದೆ. ಹಿಂದಿನ ಗೋಡೆ ಅಲ್ಲೇ ಇದ್ದರೆ ಗೋಡೆಯನ್ನು ಮತ್ತೆ ಬರೆಯುವ ಅವಶ್ಯಕತೆ ಇಲ್ಲ.

ಎರಡನೆಯದು ಜರಡಿ ಹಿಡಿಯುವ ಹಾಗೆ. ಒಂದೊಂದು ಚಿತ್ರವನ್ನೂ ಸಣ್ಣ ಸಣ್ಣ ಚೌಕ ಮಾಡಿ, ಆ ಚೌಕದಲ್ಲಿ ದೊಡ್ಡ ಬದಲಾವಣೆ ಯಾವುದು, ಕೂದಲಿನಂಥ ಸಣ್ಣ ವಿವರ ಯಾವುದು ಅಂತ ಬೇರೆ ಮಾಡುತ್ತದೆ. ದಪ್ಪ ಕಾಳು ಮೇಲೆ ಉಳಿಯುತ್ತದೆ, ನುಚ್ಚು ಕೆಳಗೆ ಬೀಳುತ್ತದೆ. ನುಚ್ಚಿನಲ್ಲಿ ಸ್ವಲ್ಪ ಬಿಟ್ಟರೂ ನಮ್ಮ ಕಣ್ಣಿಗೆ ಗೊತ್ತಾಗುವುದಿಲ್ಲ.

ಈ ಜರಡಿ ಕೊಟ್ಟವರು ನಮ್ಮ ಬೆಂಗಳೂರಿನವರು

ನಿಮಗೆ ಗೊತ್ತೇ? ಈ ಎರಡನೆಯ ಉಪಾಯ ಕಂಡುಹಿಡಿದವರು ಕರ್ನಾಟಕದಲ್ಲಿ ಹುಟ್ಟಿದವರು. ಅವರ ಹೆಸರು ನಾಸಿರ್ ಅಹಮದ್. 1940ರಲ್ಲಿ ಬೆಂಗಳೂರಿನಲ್ಲಿ ಹುಟ್ಟಿದರು. ಸರ್ ಎಂ. ವಿಶ್ವೇಶ್ವರಯ್ಯನವರು 1917ರಲ್ಲಿ ಆರಂಭಿಸಿದ ಇಂಜಿನಿಯರಿಂಗ್ ಕಾಲೇಜಿನಲ್ಲಿ ಓದಿ 1961ರಲ್ಲಿ ಪದವಿ ಪಡೆದರು. ಆಮೇಲೆ ಅಮೆರಿಕಾಕ್ಕೆ ಹೋಗಿ ಅಲ್ಲಿಯ ಕಾನ್ಸಾಸ್ ರಾಜ್ಯದ ವಿಶ್ವವಿದ್ಯಾಲಯದಲ್ಲಿ ಪ್ರಾಧ್ಯಾಪಕರಾದರು.

1972ರಲ್ಲಿ ಅವರಿಗೆ ಈ ಯೋಚನೆ ಬಂತು. ಸಂಶೋಧನೆಗೆ ಹಣ ಕೊಡಿ ಅಂತ ಅಮೆರಿಕಾದ ವಿಜ್ಞಾನ ಸಂಸ್ಥೆಗೆ ಅರ್ಜಿ ಹಾಕಿದರು. ಇದು ಬಹಳ ಸರಳವಾಯಿತು ಅನ್ನುವ ಅಭಿಪ್ರಾಯ ಬಂದು ಅರ್ಜಿ ಒಪ್ಪಿಗೆ ಆಗಲಿಲ್ಲ. ಆದರೂ ಅವರು ಬಿಡಲಿಲ್ಲ. ತಮ್ಮ ವಿದ್ಯಾರ್ಥಿ ಟಿ. ನಟರಾಜನ್ ಮತ್ತು ಸ್ನೇಹಿತ ಕೆ. ಆರ್. ರಾವ್ ಅವರ ಜೊತೆ ಸೇರಿ ಕೆಲಸ ಮುಗಿಸಿದರು. 1974ರ ಜನವರಿಯಲ್ಲಿ ಅದು ಅಚ್ಚಾಯಿತು. ಅದರ ಹೆಸರು ಡಿಸ್ಕ್ರೀಟ್ ಕೊಸೈನ್ ಟ್ರಾನ್ಸ್‌ಫಾರ್ಮ್, ಚಿಕ್ಕದಾಗಿ ಡಿಸಿಟಿ. ಇವತ್ತು ಫೋನಿನ ಜೆಪೆಗ್ ಫೋಟೋ, ಎಚ್.264 ವಿಡಿಯೋ ಎಲ್ಲದರ ಒಳಗೆ ಇದೇ ವಿದ್ಯೆ ಇದೆ. ಹಣ ಸಿಗದ ಸರಳ ಯೋಚನೆಯೇ ಇವತ್ತು ಪ್ರಪಂಚದ ಎಲ್ಲ ಫೋನಿಗೂ ಬಂದು ಕೂತಿದೆ.

ಹಾಗಾದರೆ ಹಾಳಾಗುವುದು ಎಲ್ಲಿ?

ಫೋನು ಮೊದಲ ಸಲ ಒತ್ತುವಾಗ ಹಗುರವಾಗಿ ಒತ್ತುತ್ತದೆ. ಅದರಿಂದ ಕಣ್ಣಿಗೆ ಏನೂ ತೊಂದರೆ ಇಲ್ಲ. ಆದರೆ ವಾಟ್ಸಾಪಿನಲ್ಲಿ ಮಾಮೂಲಿ ರೀತಿ ಕಳಿಸಿದಾಗ ಆ ಆ್ಯಪ್ ಅದನ್ನು ಎರಡನೇ ಸಲ ಬಲವಾಗಿ ಒತ್ತುತ್ತದೆ. ಬೇಗ ಹೋಗಲಿ, ಡೇಟಾ ಕಡಿಮೆ ಖರ್ಚಾಗಲಿ ಅಂತ. ಉದ್ದಕ್ಕೆ 1080 ಇದ್ದದ್ದು ಸುಮಾರು 480 ಆಗುತ್ತದೆ. 848 × 480 = 4,07,040 ಚುಕ್ಕಿ. ಅಂದರೆ ಐದು ಚುಕ್ಕಿಯಲ್ಲಿ ನಾಲ್ಕು ಹೋಯಿತು. ಉಳಿದದ್ದರಲ್ಲೂ ನುಚ್ಚೆಲ್ಲ ಹೋಯಿತು. ಅದನ್ನು ಯಾರೋ ಇಳಿಸಿಕೊಂಡು ಹಾಡು ಸೇರಿಸಿ ಸ್ಟೇಟಸ್‌ಗೆ ಹಾಕುತ್ತಾರೆ. ಅದು ಮೂರನೇ ಒತ್ತು. ಇನ್ನೊಬ್ಬರು ಅದನ್ನು ಬೇರೆ ಆ್ಯಪ್‌ಗೆ ಹಾಕುತ್ತಾರೆ. ಅದು ನಾಲ್ಕನೇ ಒತ್ತು.

ಹತ್ತು ಪುಟದ ಪಾಠಕ್ಕೆ ಒಂದು ಪುಟದ ಸಾರಾಂಶ ಬರೆದಿರಿ ಅಂತ ಇಟ್ಟುಕೊಳ್ಳಿ. ಆ ಸಾರಾಂಶಕ್ಕೆ ಇನ್ನೊಬ್ಬ ನಾಲ್ಕು ಸಾಲಿನ ಸಾರಾಂಶ ಬರೆದ. ಆ ನಾಲ್ಕು ಸಾಲಿನಿಂದ ಹತ್ತು ಪುಟದ ಪಾಠ ಮತ್ತೆ ಬರೆಯಲು ಆಗುತ್ತದೆಯೇ? ಆಗುವುದಿಲ್ಲ. ವಿಡಿಯೋ ಕೂಡ ಹಾಗೇ. ಹೋದ ವಿವರ ಯಾವ ಆ್ಯಪ್ ಹಾಕಿದರೂ ವಾಪಸ್ ಬರುವುದಿಲ್ಲ. ಕೆಲವು ಆ್ಯಪ್‌ಗಳು ಚಂದ ಮಾಡಿ ಕೊಡುತ್ತವೆ. ಅದು ಊಹೆ ಮಾಡಿ ಬಿಡಿಸಿದ್ದು, ನಿಜವಾಗಿ ಇದ್ದದ್ದಲ್ಲ.

ಇಲ್ಲಿ ಒಂದು ವ್ಯತ್ಯಾಸ ಚೆನ್ನಾಗಿ ನೆನಪಿಟ್ಟುಕೊಳ್ಳಬೇಕು. ಹಿಂದೆ ಮದುವೆ ವಿಡಿಯೋ ಕ್ಯಾಸೆಟ್ಟಿನಲ್ಲಿ ಇರುತ್ತಿತ್ತು. ಕ್ಯಾಸೆಟ್ಟಿನಿಂದ ಕ್ಯಾಸೆಟ್ಟಿಗೆ ಇಳಿಸಿದರೆ ಪ್ರತಿ ಸಲವೂ ಸ್ವಲ್ಪ ಮಾಸುತ್ತಿತ್ತು. ಈಗ ಫೈಲನ್ನು ಇದ್ದ ಹಾಗೇ ನಕಲು ಮಾಡಿದರೆ ನೂರನೇ ನಕಲು ಕೂಡ ಮೊದಲಿನದರ ಹಾಗೇ ಇರುತ್ತದೆ. ಯಾಕೆಂದರೆ ಅದು ಬರೀ ಅಂಕಿಗಳ ಸಾಲು. ಅಂಕಿ ನೋಡಿ ಅಂಕಿ ಬರೆದರೆ ಮಾಸುವುದು ಎಲ್ಲಿ? ಆದ್ದರಿಂದ ನಕಲು ಮಾಡುವುದು ತಪ್ಪಲ್ಲ, ಮತ್ತೆ ಮತ್ತೆ ಒತ್ತುವುದೇ ತೊಂದರೆ.

ಕೊಡಗಿನ ವಿಡಿಯೋಗೆ ಪೆಟ್ಟು ಜಾಸ್ತಿ

ಹಾಜರಿ ಪುಸ್ತಕಕ್ಕೇ ಮತ್ತೆ ಬರೋಣ. ಜಾತ್ರೆಯ ದಿನ ಅರ್ಧ ಕ್ಲಾಸು ಬರದಿದ್ದರೆ ಲೀಡರ್ ಹೇಳಬೇಕಾದ ಹೆಸರು ಜಾಸ್ತಿ. ಹಾಗೆಯೇ ಚಿತ್ರದಲ್ಲಿ ಎಲ್ಲವೂ ಅಲ್ಲಾಡುತ್ತಿದ್ದರೆ ಬರೆಯಬೇಕಾದ್ದು ಜಾಸ್ತಿ. ಜಾಗ ಕಡಿಮೆ ಕೊಟ್ಟರೆ ಅಷ್ಟನ್ನೂ ಬರೆಯಲು ಆಗದೆ ಚೌಕ ಚೌಕವಾಗಿ ಕಾಣುತ್ತದೆ.

ನಮ್ಮಲ್ಲಿ ಅಲ್ಲಾಡದ್ದು ಯಾವುದು ಹೇಳಿ? ಜುಲೈ ಮಳೆಯಲ್ಲಿ ಪ್ರತಿ ಹನಿಯೂ ಬದಲಾವಣೆ. ಲಕ್ಷ್ಮಣತೀರ್ಥ ಹೊಳೆಯ ನೀರು ಒಂದು ಕ್ಷಣ ನಿಲ್ಲುವುದಿಲ್ಲ. ಗಾಳಿಗೆ ಕಾಫಿ ತೋಟದ ಎಲೆ ಎಲೆಯೂ ಅಲ್ಲಾಡುತ್ತದೆ. ಕಾಫಿ ಹೂ ಬಿಟ್ಟಾಗ ಎಷ್ಟು ಸಣ್ಣ ಬಿಳಿ ಎಸಳು! ಅದೆಲ್ಲ ಜರಡಿಯಲ್ಲಿ ನುಚ್ಚಾಗಿ ಬಿದ್ದು ಹೋಗಿ, ಗಿಡದ ಮೇಲೆ ಸುಣ್ಣ ಬಳಿದ ಹಾಗೆ ಕಾಣುತ್ತದೆ.

ಹಾಕಿ ಆಟ ನೋಡಿ. 1997ರಲ್ಲಿ ಕರಡ ಗ್ರಾಮದಲ್ಲಿ ಪಾಂಡಂಡ ಕುಟ್ಟಪ್ಪನವರು ಶುರುಮಾಡಿದ ಕೊಡವ ಕುಟುಂಬಗಳ ಹಾಕಿ ಪಂದ್ಯ ಈಗ ಇಡೀ ಜಿಲ್ಲೆಯ ಹಬ್ಬವಾಗಿದೆ. ಆದರೆ ಹಾಕಿಯ ಚೆಂಡು ಚಿಕ್ಕದು, ಓಟ ಜೋರು. ಬಲವಾಗಿ ಒತ್ತಿದ ವಿಡಿಯೋದಲ್ಲಿ ಮೊದಲು ಮಾಯವಾಗುವುದೇ ಚೆಂಡು. ಗೋಲು ಹೊಡೆದವರು ಕುಣಿಯುವುದು ಕಾಣುತ್ತದೆ, ಗೋಲು ಕಾಣುವುದಿಲ್ಲ!

ಇದರಿಂದ ನಮಗೇನು?

ಟಿವಿಯವರು, ದೊಡ್ಡ ಸಿನಿಮಾ ಕಂಪನಿಯವರು ತಮ್ಮ ವಿಡಿಯೋ ಕಾಪಾಡಿಕೊಳ್ಳುತ್ತಾರೆ. ಅದಕ್ಕೆ ಅವರಲ್ಲಿ ಜನ ಇದ್ದಾರೆ. ಅವರ ನೆರವಿಲ್ಲದೆ ನಮ್ಮಂಥವರು ತೆಗೆದದ್ದು ಸ್ವತಂತ್ರ ವಿಡಿಯೋ. ಇದು ಕೀಳು ಅಂತ ತಿಳಿಯಬಾರದು. 2013ರಲ್ಲಿ ತೆರೆಕಂಡ ಪವನ್ ಕುಮಾರ್ ಅವರ 'ಲೂಸಿಯಾ' ಸಿನಿಮಾಕ್ಕೆ ಸಾಮಾನ್ಯ ಜನರೇ ಇಂಟರ್ನೆಟ್ ಮೂಲಕ ಹಣ ಸೇರಿಸಿದರು. ಮಂಡ್ಯ ಜಿಲ್ಲೆಯ ಹಳ್ಳಿಯಲ್ಲಿ ಊರಿನ ಜನರನ್ನೇ ನಟರನ್ನಾಗಿ ಮಾಡಿ ತೆಗೆದ 'ತಿಥಿ' 2015ರಲ್ಲಿ ಸ್ವಿಟ್ಜರ್ಲೆಂಡಿನ ಲೊಕಾರ್ನೊ ಚಿತ್ರೋತ್ಸವದಲ್ಲಿ ಪ್ರಶಸ್ತಿ ಪಡೆಯಿತು. ಆದರೆ ನಮ್ಮ ವಿಡಿಯೋ ಕಾಪಾಡಲು ನಾವೇ ಇರುವುದು, ಬೇರೆ ಯಾರೂ ಇಲ್ಲ.

ನಡಿಕೇರಿಯಂಡ ಚಿಣ್ಣಪ್ಪನವರು ಊರೂರು ತಿರುಗಿ ಹಿರಿಯರ ಬಾಯಿಂದ ಹಾಡುಗಳನ್ನು ಕೇಳಿ ಬರೆದುಕೊಂಡರು. 1924ರಲ್ಲಿ ಅದು 'ಪಟ್ಟೋಲೆ ಪಳಮೆ' ಪುಸ್ತಕವಾಯಿತು. ಅವರು ಬರೆದಿಟ್ಟದ್ದರಿಂದ ಹಾಡಿನ ಮಾತು ಉಳಿಯಿತು. ಹೆಜ್ಜೆ, ಕೈ, ಮುಖ ಇವನ್ನು ಕಾಗದದ ಮೇಲೆ ಹೇಗೆ ಬರೆಯುವುದು? ಆಗ ಅವರ ಹತ್ತಿರ ಇಲ್ಲದ ಸಾಧನ ಈಗ ನಮ್ಮ ಜೇಬಿನಲ್ಲಿ ಇದೆ.

ನಮ್ಮ ಪಕ್ಕದ ಮನೆಯ ಅಜ್ಜ ಹುತ್ತರಿಯಲ್ಲಿ ದುಡಿ ಬಾರಿಸಿ ಹಾಡುತ್ತಿದ್ದರು. ಮಾವ ಮೂರು ನಿಮಿಷ ವಿಡಿಯೋ ತೆಗೆದು, ಮಿಲಿಟರಿಯಲ್ಲಿ ಇರುವ ಅವರ ಮಗನಿಗೆ ಕಳಿಸಿದರು. "ಹಾಡು ಕೇಳ್ತದೆ, ಆದ್ರೆ ಅಪ್ಪನ ಕೈ ಓಡೋದೇ ಕಾಣ್ತಿಲ್ಲ" ಅಂತ ಅವರು ಹೇಳಿದರು. ಆಗ ಮಾವ ಅದನ್ನೇ ಡಾಕ್ಯುಮೆಂಟ್ ಮಾಡಿ ಮತ್ತೆ ಕಳಿಸಿದರು. ಜೂನ್ ತಿಂಗಳಲ್ಲಿ ಮಾವನ ಫೋನು ಗದ್ದೆಯ ನೀರಿಗೆ ಬಿದ್ದು ಎಲ್ಲ ಹೋಯಿತು. ಕಕ್ಕಡದಲ್ಲಿ ಅಜ್ಜನೂ ತೀರಿಕೊಂಡರು. ಅಸಲು ವಿಡಿಯೋ ಇದ್ದದ್ದು ಮಗನ ಫೋನಿನಲ್ಲಿ ಮಾತ್ರ. ಅದು ಬಂದ ದಾರಿಯಲ್ಲೇ ವಾಪಸ್ ಬಂತು. ಈಗ ಅಜ್ಜನ ಮೊಮ್ಮಗ ಅದನ್ನು ನಿಲ್ಲಿಸಿ ನಿಲ್ಲಿಸಿ ನೋಡಿ ದುಡಿ ಕಲಿಯುತ್ತಿದ್ದಾನೆ. ಮಸುಕಾದದ್ದು ಮಾತ್ರ ಉಳಿದಿದ್ದರೆ ಹಾಡು ಕೇಳಬಹುದಿತ್ತು, ಕೈ ಕಲಿಯಲು ಆಗುತ್ತಿರಲಿಲ್ಲ.

ಸರಿಯಾದ ದಾರಿಗಳು

1. ತೆಗೆಯುವಾಗಲೇ ಜಾಗ್ರತೆ: ಲೆನ್ಸನ್ನು ಮೆತ್ತನೆ ಬಟ್ಟೆಯಿಂದ ಒರೆಸಿ. ಫೋನನ್ನು ಅಡ್ಡ ಹಿಡಿಯಿರಿ, ಕೈ ಅಲ್ಲಾಡಬಾರದು. ಜೂಮ್ ಮಾಡುವ ಬದಲು ಹತ್ತಿರ ಹೋಗಿ (ಆನೆಯ ವಿಡಿಯೋ ಆದರೆ ಹತ್ತಿರ ಹೋಗಬೇಡಿ!). ಬೆಳಕು ಇರುವ ಕಡೆ ತೆಗೆಯಿರಿ. ಕತ್ತಲಲ್ಲಿ ತೆಗೆದರೆ ಚುಕ್ಕಿ ಚುಕ್ಕಿ ಕುಣಿಯುತ್ತದೆ, ಸಂಕೋಚನಕ್ಕೆ ಅದೂ ಬದಲಾವಣೆಯೇ.

2. ವಾಟ್ಸಾಪಿನಲ್ಲಿ ಡಾಕ್ಯುಮೆಂಟ್ ಮಾಡಿ ಕಳಿಸಿ: ಪಿನ್ನಿನ ಗುರುತು ಒತ್ತಿದರೆ ಗ್ಯಾಲರಿ, ಡಾಕ್ಯುಮೆಂಟ್ ಅಂತ ಬರುತ್ತದೆ. ಗ್ಯಾಲರಿ ಬೇಡ, ಡಾಕ್ಯುಮೆಂಟ್ ಒತ್ತಿ ವಿಡಿಯೋ ಫೈಲ್ ಆರಿಸಿ. ಆಗ ಅದು ಒತ್ತುವುದಿಲ್ಲ, ಇದ್ದ ಹಾಗೇ ಕಳಿಸುತ್ತದೆ. 2022ರಿಂದ 2 ಜಿಬಿವರೆಗಿನ ಫೈಲ್ ಕಳಿಸಬಹುದು. 2023ರಲ್ಲಿ ಎಚ್‌ಡಿ ಅನ್ನುವ ಗುಂಡಿ ಕೂಡ ಬಂತು. ಅದು ಮಾಮೂಲಿಗಿಂತ ಚೆನ್ನ, ಆದರೆ ಅದೂ ಒತ್ತಿಯೇ ಕಳಿಸುತ್ತದೆ.

3. ಡ್ರೈವ್‌ಗೆ ಹಾಕಿ ಲಿಂಕ್ ಕಳಿಸಿ: ಗೂಗಲ್ ಖಾತೆಗೆ 15 ಜಿಬಿ ಉಚಿತ. ಡ್ರೈವ್‌ನಲ್ಲಿ ಹಾಕಿದ ಫೈಲ್ ಇದ್ದ ಹಾಗೇ ಇರುತ್ತದೆ. ಲಿಂಕ್ ಸಿಕ್ಕಿದವರು ಅಲ್ಲೇ ನೋಡದೆ ಡೌನ್‌ಲೋಡ್ ಮಾಡಿಕೊಂಡು ನೋಡಬೇಕು. ಗೂಗಲ್ ಫೋಟೋಸ್ ಆದರೆ ಸೆಟ್ಟಿಂಗಿನಲ್ಲಿ 'ಒರಿಜಿನಲ್ ಕ್ವಾಲಿಟಿ' ಇಡಿ. 'ಸ್ಟೋರೇಜ್ ಸೇವರ್' ಇದ್ದರೆ ಅದೂ ಒತ್ತುತ್ತದೆ.

4. ಯೂಟ್ಯೂಬ್: ಊರಿಗೆಲ್ಲ ತೋರಿಸಲು ಇದು ಒಳ್ಳೆಯದು. ಆದರೆ ಯೂಟ್ಯೂಬ್ ಪ್ರತಿ ವಿಡಿಯೋವನ್ನೂ ತಾನೇ ಮತ್ತೆ ಒತ್ತುತ್ತದೆ. ಹಾಗಾಗಿ ಅದಕ್ಕೆ ಅಸಲನ್ನೇ ಕೊಡಬೇಕು, ವಾಟ್ಸಾಪಿನಿಂದ ಇಳಿಸಿದ್ದನ್ನು ಕೊಡಬಾರದು. ಹಾಕಿದ ಕೂಡಲೇ ಮಸುಕು ಕಂಡರೆ ಹೆದರಬೇಡಿ. ಮೊದಲು ಚಿಕ್ಕದು ತಯಾರಾಗುತ್ತದೆ, ಎಚ್‌ಡಿ ಆಮೇಲೆ ಬರುತ್ತದೆ. ನೋಡುವವರು ಹಲ್ಲಿನ ಚಕ್ರದ ಗುರುತು ಒತ್ತಿ 1080 ಆರಿಸಬೇಕು. ಇಲ್ಲಿ ಮಾತ್ರ ನೆಟ್ ನಿಧಾನ ಇದ್ದರೆ ಅದು ತಾನಾಗಿಯೇ ಕಡಿಮೆ ಚುಕ್ಕಿಯದನ್ನು ತೋರಿಸುತ್ತದೆ. ಅಸಲನ್ನು ಬೇರೆ ಕಡೆ ಇಟ್ಟುಕೊಂಡಿರಲೇಬೇಕು.

5. ಇಂಟರ್ನೆಟ್ ಆರ್ಕೈವ್: ಇದು 1996ರಲ್ಲಿ ಅಮೆರಿಕಾದಲ್ಲಿ ಶುರುವಾದ ಗ್ರಂಥಾಲಯ. ಇಲ್ಲಿ ವಿಡಿಯೋ ಹಾಕಲು ದುಡ್ಡು ಇಲ್ಲ. ನೋಡಲು ಚಿಕ್ಕದನ್ನು ಮಾಡಿಕೊಂಡರೂ ನಾವು ಕೊಟ್ಟ ಅಸಲನ್ನು ಹಾಗೇ ಇಡುತ್ತದೆ. ಯಾರು ಬೇಕಾದರೂ ಇಳಿಸಿಕೊಳ್ಳಬಹುದು. ಎಲ್ಲರಿಗೂ ಸೇರಿದ ಹಾಡು, ಹಬ್ಬಗಳಿಗೆ ಇದು ಸರಿ. ಮನೆಯ ಸ್ವಂತ ವಿಡಿಯೋಗೆ ಬೇಡ.

6. ಪೆನ್‌ಡ್ರೈವ್: ಮಳೆಗಾಲದಲ್ಲಿ ಕರೆಂಟು ಹೋದರೆ ಟವರೂ ಹೋಗುತ್ತದೆ. ಆಗ ಇದೇ ಗತಿ. ಇನ್ನೊಂದು ಲೆಕ್ಕ ನೋಡಿ. ನೆಟ್ ಸೆಕೆಂಡಿಗೆ 2 ಮೆಗಾಬಿಟ್ ಕಳಿಸುತ್ತದೆ ಅಂದುಕೊಳ್ಳಿ. 8 ಬಿಟ್ ಸೇರಿದರೆ 1 ಬೈಟ್. ಒಂದು ನಿಮಿಷದ 130 ಎಂಬಿ ವಿಡಿಯೋ ಹೋಗಲು 130 × 8 ÷ 2 = 520 ಸೆಕೆಂಡ್, ಅಂದರೆ 8 ನಿಮಿಷ 40 ಸೆಕೆಂಡ್. 16 ಜಿಬಿ ಕಳಿಸಲು 64,000 ಸೆಕೆಂಡ್, ಅಂದರೆ 17 ಗಂಟೆ 46 ನಿಮಿಷ! ಅಷ್ಟನ್ನೂ ಪೆನ್‌ಡ್ರೈವ್‌ಗೆ ಹಾಕಿ ಗೋಣಿಕೊಪ್ಪಲಿಗೆ ಹೋಗುವವರ ಕೈಯಲ್ಲಿ ಕೊಟ್ಟರೆ ನೆಟ್ಟಿಗಿಂತ ಬಸ್ಸೇ ಮುಂದೆ. ಕೆಲವು ಪೆನ್‌ಡ್ರೈವ್‌ಗಳಲ್ಲಿ 4 ಜಿಬಿಗಿಂತ ದೊಡ್ಡ ಒಂದು ಫೈಲ್ ಹಿಡಿಸುವುದಿಲ್ಲ. ಅದು ಎಫ್‌ಎಟಿ32 ಅನ್ನುವ ಹಳೆಯ ಪದ್ಧತಿಯ ಮಿತಿ.

7. ತೆರೆಯದಿದ್ದರೆ ಅಳಿಸಬೇಡಿ: ಹೊಸ ಫೋನುಗಳು ಎಚ್.265 ಅನ್ನುವ ಹೊಸ ಪದ್ಧತಿಯಲ್ಲಿ ಬರೆಯುತ್ತವೆ. ಹಳೆಯ ಕಂಪ್ಯೂಟರಿನಲ್ಲಿ ಅದು ತೆರೆಯದೆ ಇರಬಹುದು. ವಿಡಿಯೋ ಹಾಳಾಗಿದೆ ಅಂತ ತೆಗೆದು ಹಾಕಬೇಡಿ. ವಿಎಲ್‌ಸಿ ಪ್ಲೇಯರ್ ಉಚಿತವಾಗಿ ಸಿಗುತ್ತದೆ, ಅದರಲ್ಲಿ ನೋಡಿ.

ನೀವೇ ಮಾಡಿ ನೋಡಿ

ದೊಡ್ಡವರ ಎರಡು ಫೋನು ಕೇಳಿ ಪಡೆಯಿರಿ. ಈ ಗೋಡೆ ಪತ್ರಿಕೆಯ ಒಂದು ಹಾಳೆಯನ್ನು ಸ್ವಲ್ಪ ದೂರದಿಂದ ಹತ್ತು ಸೆಕೆಂಡ್ ವಿಡಿಯೋ ತೆಗೆಯಿರಿ. ಒಂದು ಸಲ ಗ್ಯಾಲರಿಯಿಂದ, ಒಂದು ಸಲ ಡಾಕ್ಯುಮೆಂಟ್ ಮಾಡಿ ಕಳಿಸಿ. ಈಗ ಎರಡನ್ನೂ ದೊಡ್ಡದು ಮಾಡಿ ನನ್ನ ಅಕ್ಷರ ಓದಲು ಪ್ರಯತ್ನಿಸಿ. 'ಡೀಟೇಲ್ಸ್' ಒತ್ತಿ ಎರಡರ ಎಂಬಿ ಎಷ್ಟು ಅಂತ ಬರೆದುಕೊಳ್ಳಿ. ಡಾಕ್ಯುಮೆಂಟಿನದು ಮೊದಲಿನಷ್ಟೇ ಇರುತ್ತದೆ, ಗ್ಯಾಲರಿಯದು ಇಳಿದಿರುತ್ತದೆ. ಸಂದೇಹ ಬಂದಾಗ ಯಾವಾಗಲೂ ಹೀಗೆ ಎಂಬಿ ನೋಡಿದರೆ ಅಸಲು ಯಾವುದು ಅಂತ ತಿಳಿಯುತ್ತದೆ.

ಕೊನೆಯ ಮಾತು

ಯಾರ ವಿಡಿಯೋ ತೆಗೆದರೂ ಮೊದಲು ಅವರ ಒಪ್ಪಿಗೆ ಕೇಳಬೇಕು. ಎಲ್ಲರಿಗೂ ಕಾಣುವ ಹಾಗೆ ಹಾಕುವುದಾದರೆ ಇನ್ನೊಂದು ಸಲ ಕೇಳಬೇಕು. ಖಾತೆ ದೊಡ್ಡವರದ್ದೇ ಇರಲಿ.

ಫೋನು ತುಂಬಿತು ಅಂದ ಕೂಡಲೇ ನಾವು ಮಾಡುವುದು ದೊಡ್ಡ ಫೈಲ್ ಹುಡುಕಿ ಅಳಿಸುವುದು. ದೊಡ್ಡ ಫೈಲೇ ಅಸಲು! ಅದು ಹೋಗಿ ವಾಟ್ಸಾಪಿನ ಚಿಕ್ಕದು ಉಳಿಯುತ್ತದೆ. ಬಡ್ಡಿ ಆಸೆಗೆ ಅಸಲು ಕಳೆದುಕೊಂಡ ಹಾಗೆ. ಅದಕ್ಕೆ ಅಳಿಸುವ ಮೊದಲು ಅಸಲನ್ನು ಎರಡು ಕಡೆ ಇಡಿ. ಒಂದು ಮನೆಯ ಪೆನ್‌ಡ್ರೈವ್‌ನಲ್ಲಿ, ಇನ್ನೊಂದು ಡ್ರೈವ್‌ನಲ್ಲಿ ಅಥವಾ ಬೇರೆ ಊರಿನ ನೆಂಟರ ಹತ್ತಿರ.

ಗುರುಗಳಲ್ಲಿ ಒಂದು ವಿನಂತಿ. ನಮ್ಮ ಶಾಲೆಯ ಕಂಪ್ಯೂಟರಿನಲ್ಲಿ 'ನಮ್ಮೂರು' ಅಂತ ಒಂದು ಫೋಲ್ಡರ್ ಮಾಡಿಕೊಡಿ. ಊರಿನ ಅಜ್ಜ ಅಜ್ಜಿಯರ ಹಾಡು, ಕಥೆ, ಕೆಲಸಗಳ ಅಸಲು ವಿಡಿಯೋಗಳನ್ನು ನಾವು ತಂದು ಕೊಡುತ್ತೇವೆ. ಕೊಡವರದ್ದು, ಎರವರದ್ದು, ಕುರುಬರದ್ದು, ಎಲ್ಲರದ್ದೂ ಅದರಲ್ಲಿ ಇರಲಿ. ಮುಂದಿನ ಹುತ್ತರಿಯಿಂದಲೇ ಶುರುಮಾಡೋಣ.

ಇಂತಿ,
7ನೇ ತರಗತಿ ವಿದ್ಯಾರ್ಥಿನಿ,
ಬಾಳೆಲೆ